ಕರ್ನಲ್ ಸಾಹೇಬರ ಅಂದಾಜು

ಗಂಗಾನಗರದ ಪಾರ್ಕಿನಲ್ಲಿ ಎಂಬತ್ತನಾಲ್ಕರ ನಿವೃತ್ತ ಕರ್ನಲ್ ನಾಗಭೂಷಣ ಅವರನ್ನು ಏನೇ ಕೇಳಿದರೂ ಎರಡು ಉತ್ತರ ಸಿಗುತ್ತವೆ. ಹೆಬ್ಬಾಳದ ಫ್ಲೈಓವರ್ ದಾಟಲು ಎಷ್ಟು ಹೊತ್ತು ಎಂದರೆ, “ಹತ್ತು ನಿಮಿಷ, ಕೆಟ್ಟರೆ ಒಂದು ಗಂಟೆ” ಎನ್ನುತ್ತಾರೆ. ಸೊಸೆ ಎಷ್ಟು ಅಕ್ಕಿ ಹಾಕಲಿ ಎಂದರೂ, ಹೇಳದೆ ಬಂದುಬಿಡಬಹುದಾದ ನೆಂಟರನ್ನು ಸೇರಿಸಿ ಇನ್ನೊಂದು ಅಳತೆ ಹೇಳುತ್ತಾರೆ. ಹೊರದೇಶಕ್ಕೆ ಸೈನ್ಯ ಕಳಿಸುವ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ವಾಕಿಂಗ್ ಗೆಳೆಯ ಆನಂದಪ್ಪ, “ಇದನ್ನೆಲ್ಲ ಮಿಲಿಟರಿಯವರಿಗೇ ಬಿಟ್ಬಿಡ್ಬೇಕು ಸಾರ್, ಮಂತ್ರಿಗಳಿಗೇನ್ ಗೊತ್ತು?” ಎಂದು ಸಿಡುಕುತ್ತಾರೆ. “ತೀರ್ಮಾನ ಅವರದೇ ಕಣ್ರೀ. ನೀವು ಓಟು ಹಾಕಿದ್ದು ಅವರಿಗೆ, ನನಗಲ್ಲ. ಇದ್ದದ್ದು ಇದ್ದಂಗೆ ಹೇಳೋದಷ್ಟೇ ನಮ್ಮ ಕೆಲಸ” ಎಂದು ಕರ್ನಲ್ ಊರುಗೋಲು ಕುಟ್ಟುತ್ತಾರೆ. ಮೊನ್ನೆ ಆನಂದಪ್ಪ ಬಿಡಲಿಲ್ಲ: “ಅವತ್ತು ನಿಮ್ಮ ಪಲ್ಟನ್ನ ಆ ದ್ವೀಪದ ಯುದ್ಧಕ್ಕೆ ಕಳಿಸೋ ಮುಂಚೆ ನಿಮ್ಮನ್ನ ಒಂದ್ ಮಾತು ಕೇಳಿದ್ರಾ?” ಕರ್ನಲ್ ಬೆಂಚಿನ ಮೇಲೆ ಕುಳಿತರು. “ಕೇಳಿದ್ರು. ಮಂತ್ರಿಗಳು ಎರಡು ಸಲ ಕೇಳಿದ್ರು. ಹದಿನೈದು ದಿನ ಸಾಕು ಅಂದೆ. ಕಷ್ಟ ಅನ್ನೋಕೆ ನಾಚಿಕೆ ಆಯ್ತು. ಎರಡು ವರ್ಷ ಹಿಡೀತು. ನನ್ನ ಇಪ್ಪತ್ತಾರು ಜವಾನರು ಹೋದ್ರು. ಒಬ್ಬೊಬ್ಬರ ಮನೆಗೂ ಹೋಗಿದ್ದೆ ಆನಂದಪ್ಪ. ಎಲ್ಲಾರೂ ಮಂತ್ರೀನ ಬೈದ್ರು. ನಾನು ಅವರು ಕೊಟ್ಟ ಕಾಫಿ ಕುಡಿದು, ಹೌದು ಅಂತ ತಲೆ ಆಡಿಸಿ ಬಂದೆ.”