ಚರ್ಚಿನಲ್ಲಿ ಮಂಗಳಾರತಿ

ಮರಳಿನ ತಟ್ಟೆಯಲ್ಲಿ ಉರಿಯುತ್ತಿದ್ದ ಮೇಣದಬತ್ತಿಗಳ ಮೇಲೆ ಕೈಯಾಡಿಸಿ, ಮೂರು ಸಲ ಕಣ್ಣಿಗೆ ಒತ್ತಿಕೊಂಡ ಮೇಲೆ ನೆನಪಾಯಿತು: ನಾನಿರುವುದು ನಾವು ಹೋಗುವ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಲ್ಲ, ಸಂತರ ಚಿತ್ರಗಳನ್ನು ನೋಡಲೆಂದು ಹೊಕ್ಕಿದ್ದ ಜರ್ಸಿ ಸಿಟಿಯ ಆರ್ಥೊಡಾಕ್ಸ್ ಚರ್ಚಿನಲ್ಲಿ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಸರ್ಬಿಯಾದ ಮುದುಕಿಯೊಬ್ಬರು ನನ್ನನ್ನೇ ದಿಟ್ಟಿಸುತ್ತಿದ್ದರು.

"ಸಾರಿ ಆಂಟಿ, ಹ್ಯಾಬಿಟ್" ಎಂದೆ.

ಅವರು ನನ್ನ ಹಾಗೆಯೇ ಕುತ್ತಿಗೆ ಚಾಚಿ, ಕೈಯಾಡಿಸಿ, ಕಣ್ಣಿಗೆ ಒತ್ತಿಕೊಂಡರು. ಊರವರನ್ನೆಲ್ಲ ಮಿಮಿಕ್ರಿ ಮಾಡುವ ನನ್ನನ್ನೇ ಮಿಮಿಕ್ರಿ ಮಾಡಿಬಿಟ್ಟರು, ಅದೂ ನನಗಿಂತ ಚೆನ್ನಾಗಿ!

ಆಮೇಲೆ ಗೋಡೆಯ ಮೇಲಿದ್ದ ಫೋಟೊ ತೋರಿಸಿದರು. ಅವರ ಊರಿನಲ್ಲಿರುವ, ನೂರಾರು ವರ್ಷ ಹಳೆಯ ಮಠದ ಗೋಡೆಚಿತ್ರವದು. ಸಂತನ ಕಣ್ಣಿರಬೇಕಾದ ಜಾಗದಲ್ಲಿ ಬರೀ ಗಾರೆ. ಕಣ್ಣುಬೇನೆಯವರು ಗುಣವಾಗಲೆಂದು ಆ ಕಣ್ಣಿನ ಬಣ್ಣವನ್ನು ಕೆರೆದು ತಮ್ಮ ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರಂತೆ.

"ನಮ್ಮಮ್ಮ ಕೆರೀತಿರಲಿಲ್ಲ. ಗೋಡೆ ಮುಟ್ಟಿ, ಹೀಗೇ ಕಣ್ಣಿಗೆ ಒತ್ತಿಕೊಳ್ಳೋಳು" ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. "ನಾಳೆ ನನಗೆ ಕಣ್ಣಿನ ಆಪರೇಷನ್. ಭಯ ಆಗ್ತಿದೆ. ಆ ಗೋಡೆ ತನಕ ಹೋಗೋಕಾಗಲ್ಲ. ಇನ್ನೊಂದ್ಸಲ ತೋರಿಸು."

ತೋರಿಸಿದೆ. ಈ ಸಲ ನಗಿಸಲು ಹೋಗಲಿಲ್ಲ. ಇಬ್ಬರೂ ಒಟ್ಟಿಗೆ ಒತ್ತಿಕೊಂಡೆವು.

ಚಿಕ್ಕಂದಿನಲ್ಲಿ, ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಗೆ ಬರುತ್ತಿದ್ದ ಅಜ್ಜಿ ಮಂಗಳಾರತಿ ತೆಗೆದುಕೊಳ್ಳುವುದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ. "ಅಣಕಿಸೋ, ಕೋತಿ, ಹಾಗಾದ್ರೂ ಕಲೀತೀಯ" ಎನ್ನುತ್ತಿದ್ದಳು. ಅಜ್ಜಿ ಈಗಿಲ್ಲ. ಅವಳ ಆ ಮೂರು ಒತ್ತು ನನ್ನ ಕೈಯಲ್ಲಿ ಉಳಿದಿದೆ. ಈಗ ಜರ್ಸಿ ಸಿಟಿಯ ಇನ್ನೊಬ್ಬ ಅಜ್ಜಿಯ ಕೈಯಲ್ಲೂ.