ಹದಿನೇಳು ಗೋದಾಮು, ಹದಿನೇಳು ನಕಲು

ಡೊಂಬಿವಲಿಯ ರಮಿತಾ ಬಂಗೇರಳಿಗೆ ಸಿಟ್ಟು ಬರುವುದೇ ಅಪರೂಪ. ಬಂದರೆ ಮಾತ್ರ ಪ್ರೇಮನಾಥನ ಮೇಲೆ. ಆ ಪುಣ್ಯಾತ್ಮನ ಮುಖವನ್ನೂ ಅವಳು ಕಂಡಿರಲಿಲ್ಲ. ಭಿವಂಡಿಯ ಗೋದಾಮುಗಳಿಗೆ ಯಾವ ಲಾರಿ ಯಾವ ದಿನ ಬರಬೇಕೆಂದು ಗೊತ್ತುಮಾಡುವ ಸಾಫ್ಟ್‌ವೇರನ್ನು 2004ರಲ್ಲಿ ಬರೆದಿಟ್ಟು ಕೆಲಸ ಬಿಟ್ಟವನು ಅವನು. ಮೊದಲ ಗೋದಾಮಿಗೆ ಬರೆದ ಕೋಡನ್ನೇ ಎರಡನೆಯದಕ್ಕೆ ನಕಲು ಮಾಡಿದ, ಮೂರನೆಯದಕ್ಕೂ ಅದನ್ನೇ, ಹೀಗೆ ಹತ್ತರವರೆಗೆ. ಆಮೇಲೆ ಬಂದವರದ್ದೂ ಅದೇ ಚಾಳಿ. 2012ರಲ್ಲಿ ರಮಿತಾ ಥಾಣೆಯ ಆ ಕಚೇರಿ ಸೇರುವ ಹೊತ್ತಿಗೆ ಹದಿನೇಳು ಗೋದಾಮಿಗೆ ಹದಿನೇಳು ನಕಲು!

ಸಣ್ಣ ತಿದ್ದುಪಡಿಯಾದರೂ ಹದಿನೇಳು ಕಡೆ ಮಾಡಬೇಕು. ಒಂದು ಕಡೆ ಮರೆತರೆ ಅಲ್ಲಿಂದಲೇ ಫೋನು. ಎರಡು ವರ್ಷ ಅವಳ ಭಾನುವಾರಗಳೆಲ್ಲ ಈ ಚಾಕರಿಗೇ ಹೋದವು. "ಮಮ್ಮಿ, ಸಂಡೇ ಕೋ ಭೀ?" ಭಾನುವಾರವೂ ಕೆಲಸವೇ ಎಂದು ಅಳುತ್ತಿದ್ದ ಮಗಳು ಅನುಷ್ಕಾ ಈಗೀಗ ಕೇಳುವುದನ್ನೇ ಬಿಟ್ಟಿದ್ದಳು. ಅದು ರಮಿತಾಳ ಕರುಳಿಗೆ ಚುಚ್ಚಿತು.

ಅಷ್ಟರಲ್ಲಿ ಹದಿನೆಂಟನೆಯ ಗೋದಾಮು ಬಂತು.

"ಎಂತ ತಲೆಬಿಸಿ ಮಾರಾಯ್ತಿ? ಕಾಪಿ ಮಾಡು, ಹೆಸರು ಬದಲಿಸು" ಎಂದರು ಮ್ಯಾನೇಜರ್ ದೇವದಾಸ್.

"ಇಲ್ಲ ಸರ್. ಮೂರು ವಾರ ಕೊಡಿ, ಎಲ್ಲ ಸೇರಿಸಿ ಒಂದೇ ಮಾಡ್ತೇನೆ. ಆಗದಿದ್ರೆ ಕೆಲಸ ಬಿಟ್ಟು ಹೋಗ್ತೇನೆ."

ಆಡಿಬಿಟ್ಟಳು. ಆ ರಾತ್ರಿಯೇ ಹದಿನೇಳು ನಕಲುಗಳನ್ನೂ ಅಕ್ಕಪಕ್ಕ ಇಟ್ಟು ಓದತೊಡಗಿದಳು.

ಹದಿನೇಳರಲ್ಲಿ ಏಳನೆಯ ನಕಲು ಎದ್ದು ಕಾಣುವಷ್ಟು ವಕ್ರ: ಭಾನುವಾರ ಕೆಲಸ, ಶುಕ್ರವಾರ ರಜೆ! ಯಾಕೆಂದು ಒಂದಕ್ಷರ ಬರೆದಿಟ್ಟಿರಲಿಲ್ಲ. ಪ್ರೇಮನಾಥನ ಇನ್ನೊಂದು ಅವಾಂತರವೆಂದು ರಮಿತಾ ಅಳಿಸಿಹಾಕಿದಳು. ಭಾನುವಾರಕ್ಕಾಗಿ ಬಾಯಿಬಾಯಿ ಬಿಡುವವಳಿಗೆ ಬೇರೆ ರಜೆ ಹೊಳೆಯುವುದಾದರೂ ಹೇಗೆ? ಎರಡನೇ ವಾರ ಹೊಸ ಕೋಡು ಓಡತೊಡಗಿತು. ಶುಕ್ರವಾರ ಬೆಳಿಗ್ಗೆ ಏಳನೇ ಗೋದಾಮಿನ ಗೇಟು ಕಾಯುವ ಸೈದಪ್ಪನ ಫೋನು.

"ಅಕ್ಕಾರ, ಹದಿನಾಲ್ಕು ಲಾರಿ ಬಂದು ನಿಂತಾವ್ರೀ! ಇದು ಮಗ್ಗದ ಬಟ್ಟಿ ಗೋದಾಮು. ಮಗ್ಗದವ್ರಿಗೆ ಶುಕ್ರವಾರ ನಮಾಜಿನ ಸೂಟಿ, ಹಮಾಲರೂ ಬಂದಿಲ್ಲ. ಇಷ್ಟೂ ಗೊತ್ತಿಲ್ಲೇನ್ರೀ?"

ಅಯ್ಯೋ ದೇವರೇ! ದೇವದಾಸ್ ಕೆಂಡವಾದರು. ಹಳೆಯದನ್ನೇ ಹಾಕೆಂದರು. "ಇನ್ನೊಂದು ವಾರ ಇದೆಯಲ್ಲ ಸರ್" ಎಂದು ಅವಳು ಅಳುಮೋರೆಯಲ್ಲೇ ಹಟ ಹಿಡಿದಳು. ಅಲ್ಲಿ ಇಲ್ಲಿ ವಿಚಾರಿಸಿ ಪ್ರೇಮನಾಥನ ನಂಬರು ಹುಡುಕಿದಳು. ಅವನೀಗ ನೆರೂಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಬೈಯಬೇಕೆಂದೇ ಫೋನೆತ್ತಿದ್ದು.

"ಆ ಗೋದಾಮಿಗೆ ಶುಕ್ರವಾರ ಹೋಗಿ ಬೀಗ ನೋಡಿ ವಾಪಸ್ ಬಂದವ ನಾನು" ಎಂದ ಅವನು. "ಬರೆದಿಡಬೇಕಿತ್ತು, ತಪ್ಪಾಯ್ತು ಮಾರಾಯ್ರೆ. ಅಂಥ ರಜೆ ಇನ್ನೂ ಮೂರು ಕಡೆ ಉಂಟು, ಬರ್ಕೊಳ್ಳಿ."

ಬೈಯುವುದನ್ನು ಬಿಟ್ಟು ರಮಿತಾ ಪೆನ್ನು ತೆಗೆದಳು. ಆ ವಾರ ಅವಳು ರಜೆಗಳನ್ನೆಲ್ಲ ಕೋಡಿನಿಂದ ಹೊರತೆಗೆದಳು. ಪ್ರತಿ ಗೇಟಿನವರೂ ತಮ್ಮ ರಜೆಯನ್ನು ತಾವೇ ತುಂಬಬಹುದು, ಆದರೆ ಪಕ್ಕದಲ್ಲಿ ಕಾರಣ ಬರೆಯದೆ ಅದು ಮುಂದೆ ಹೋಗದು. ಹದಿನೆಂಟನೆಯ ಗೋದಾಮು ಅರ್ಧ ಗಂಟೆಯಲ್ಲಿ ಸೇರಿಕೊಂಡಿತು. ದೇವದಾಸ್ ಎರಡೆರಡು ಸಲ ಪರೀಕ್ಷಿಸಿ, ಅವಳಿಗೂ ಒಂದು ಚಹಾ ತರಿಸಿದರು.

ತಿಂಗಳಾದರೂ ಒಂದೂ ಫೋನಿಲ್ಲ. ಏನೋ ಕೆಟ್ಟಿರಬೇಕೆಂದು ಹೆದರಿ ಅವಳೇ ಸೈದಪ್ಪನಿಗೆ ಮಾಡಿದಳು.

"ಬರುವ ವಾರ ಅಲ್ಲಿ ಉರುಸು ಅಂತಲ್ಲ, ರಜೆ ಹಾಕಬೇಕಾ?"

"ನಾನೇ ಹಾಕೀನ್ರೀ. ಯಾಕಂತನೂ ಬರದೀನಿ" ಎಂದ ಸೈದಪ್ಪ. "ಇವತ್ತು ಭಾನುವಾರ. ಕೆಲಸ ನಮಗ ಅದರೀ ಅಕ್ಕಾರ, ನಿಮಗಲ್ಲ. ಫೋನ್ ಇಡ್ರಿ!"