ಹೋದವರನ್ನು ನೆನಪಿಡುವ ಕೆಲಸ

ಯಲ್ಲಾಪುರದ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಮ್ಯಾನೇಜರಿಗೆ ಶಿರಸಿಯಲ್ಲಿ ಎರಡು ದಿನದ ತರಬೇತಿ ಆಗಿತ್ತು. ಅಷ್ಟಕ್ಕೇ ನಮ್ಮ ನೆಟ್ಟಿನ ಬಾಗಿಲು ಕಾಯುವ ಪೆಟ್ಟಿಗೆ, ಅಂದರೆ ಫೈರ್‌ವಾಲ್ ಬಗ್ಗೆ ನನಗೇ ಪಾಠ ಹೇಳಲು ಬಂದರು. ನಮ್ಮಲ್ಲಿ ತೆಗೆದ ಇಸಿಜಿ ನೆಟ್ ಮೂಲಕವೇ ಹುಬ್ಬಳ್ಳಿಯ ಹೃದ್ರೋಗ ತಜ್ಞರಿಗೆ ಹೋಗುತ್ತದೆ, ಅವರ ಉತ್ತರವೂ ಹಾಗೇ ಬರುತ್ತದೆ.

"ಹೊರಗಿನವ್ಕೆ ಬಾಗ್ಲು ತೆಗೀದೆ ಉತ್ತರ ಹೆಂಗೆ ಬತ್ತು ಮಾರಾಯಾ?" ಎಂದರು ಮ್ಯಾನೇಜರ್.

ಊರಿಗೆಲ್ಲ ಬಾಗಿಲು ತೆರೆದಿಟ್ಟು ಒಂದು ಕಾಗದಕ್ಕೆ ಕಾಯುವ ಬುದ್ಧಿವಂತಿಕೆ ಇದು. ನಾನು ಗೇಟಿನ ಕಾಕಾನನ್ನು ತೋರಿಸಿದೆ. ಅರಬೈಲ್ ಘಟ್ಟದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ, ಮಂಡಿ ಸವೆಸಿಕೊಂಡು, ಈಗ ನಮ್ಮ ಗೇಟು ಕಾಯುವವರು. ರೋಗಿಯ ಕಡೆಯವರು ಫ್ಲಾಸ್ಕ್ ಹಿಡಿದು ಚಹಾ ತರಲು ಹೋದರೆ ಮುಖ ನೆನಪಿಡುತ್ತಾರೆ, ಮರಳಿದಾಗ ಪಾಸು ಕೇಳುವುದಿಲ್ಲ. ಹೊಸಬರನ್ನು ಮಾತ್ರ ತಡೆಯುತ್ತಾರೆ. ಫೈರ್‌ವಾಲೂ ಅಷ್ಟೇ. ಒಳಗಿನಿಂದ ಯಾರು ಯಾರನ್ನು ಮಾತಾಡಿಸಲು ಹೋದರು ಎಂದು ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಹೊಂದುವ ಉತ್ತರ ಬಂದರೆ ಬಿಡುತ್ತದೆ, ಕರೆಯದೆ ಬಂದದ್ದನ್ನು ಬಿಸಾಡುತ್ತದೆ. ಉತ್ತರಕ್ಕೆ ಬೇರೆ ಅಪ್ಪಣೆ ಬೇಡ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮಷಿನ್ನಿಗೆ ಎಂತ ನೆನಪು ಎಂದು ಮ್ಯಾನೇಜರ್ ಎದ್ದು ಹೋದರು.

ನಿಜ ಹೇಳಬೇಕೆಂದರೆ ಕಾಕಾನ ಮೇಲೂ ನನಗೆ ತಾತ್ಸಾರವೇ. ಬೆಳಿಗ್ಗೆ ಹೋದವನನ್ನು ಸಂಜೆಯವರೆಗೂ ನೆನಪಿಟ್ಟುಕೊಂಡು ಕೂರುವುದೂ ಒಂದು ಕೆಲಸವೇ? ನನ್ನ ಪೆಟ್ಟಿಗೆ ಹಾಗಿರಬಾರದೆಂದು ಅವತ್ತೇ ಅದರ ಲೆಕ್ಕ ಬದಲಿಸಿದೆ. ಅರ್ಧ ನಿಮಿಷ ಎರಡೂ ಕಡೆ ಮಾತಿಲ್ಲದಿದ್ದರೆ ಆ ನೆನಪನ್ನು ಅಳಿಸಬೇಕು. ಮೊದಲು ಅದು ಒಂದು ಗಂಟೆ ಇತ್ತು. ಪಟ್ಟಿ ಚೊಕ್ಕವಾಯಿತೆಂದು ನಾನೊಬ್ಬನೇ ಬೀಗಿದೆ.

ಅದೇ ಮಧ್ಯಾಹ್ನ ಕಾಕಾ ಎದೆ ಹಿಡಿದುಕೊಂಡು ಗೇಟಿನಲ್ಲೇ ಕುಸಿದರು. ಇಸಿಜಿ ಹುಬ್ಬಳ್ಳಿಗೆ ಹೋಯಿತು. ತಜ್ಞರು ನಾಲ್ಕು ನಿಮಿಷ ನೋಡಿ, ರೋಗಿಯನ್ನು ತಕ್ಷಣ ಇಲ್ಲಿಗೆ ಕಳಿಸಿ ಎಂದು ಉತ್ತರಿಸಿದರು. ಅಷ್ಟರಲ್ಲಿ ನನ್ನ ಪೆಟ್ಟಿಗೆ ನಾವು ಕೇಳಿದ್ದನ್ನೇ ಮರೆತಿತ್ತು. ಬಂದ ಉತ್ತರವನ್ನು ಸದ್ದಿಲ್ಲದೆ ಬಿಸಾಡಿತು. ನಾವು ಪರದೆ ನೋಡುತ್ತ ನಿಂತೆವು. ದೊಡ್ಡ ಡಾಕ್ಟರಿಗೆ ಅವಸರ ಮಾಡುವುದೇ ಎಂದು ಯಾರೂ ಫೋನ್ ಎತ್ತಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಅವರೇ ಫೋನ್ ಮಾಡಿ, ರೋಗಿ ಇನ್ನೂ ಅಲ್ಲೇ ಇದ್ದಾನೆಯೇ ಎಂದು ಬೈದರು. ಆಂಬುಲೆನ್ಸ್ ಹೊರಟದ್ದು ಆಮೇಲೆ.

ಕಾಕಾ ಉಳಿದರು. ಆದರೆ ಹೃದಯ ಮೊದಲಿನಂತಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ನಿಲ್ಲುತ್ತಾರೆ. ಗೇಟಿಗೆ ಮರಳಿದ ದಿನ ನಾನು ಮಾಡಿದ್ದನ್ನು ಅವರಿಗೆ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ.

"ಹೋದವ್ರು ಎಷ್ಟೊತ್ತಿಗೆ ಬರ್ತಾರಂತ ಗೇಟಿಗೆ ಹೆಂಗ್ ಗೊತ್ತಾಗ್ತದ್ರಿ? ಬರೋತನ ಕಾಯ್ಬೇಕು."

ಪೆಟ್ಟಿಗೆಯನ್ನು ಮತ್ತೆ ಒಂದು ಗಂಟೆಗೆ ಇಟ್ಟಿದ್ದೇನೆ. ಮ್ಯಾನೇಜರಿಗೆ ಮಾತ್ರ, ಅವತ್ತು ಲೈನ್ ಸರಿ ಇರಲಿಲ್ಲ ಎಂದು ಹೇಳಿದ್ದೇನೆ. ಅವರು ನಂಬಿದ್ದಾರೆ.